ಮೂತ್ರದ ಕಲ್ಲಿನ ಕಥೆ: ಹಳೇ ಭಯ, ಹೊಸ ವೈದ್ಯ

ತಲೆನೋವು ಬಂದರೆ ಊರಿಗೆಲ್ಲ ಹೇಳುತ್ತೇವೆ. ಮೊಣಕಾಲು ನೋವಾದರೆ ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುತ್ತೇವೆ. ಮೂತ್ರದ ತೊಂದರೆ ಬಂದಾಗ ಮಾತ್ರ ಬಾಯಿ ಕಟ್ಟುತ್ತದೆ. ಗಂಡ ಹೆಂಡತಿಗೆ ಹೇಳುವುದಿಲ್ಲ, ಅತ್ತೆ ಸೊಸೆಗೆ ಹೇಳುವುದಿಲ್ಲ, ಅಪ್ಪ ಮಗನಿಗೆ ಹೇಳುವುದಿಲ್ಲ. ಕೊನೆಗೆ ತಡೆಯಲಾಗದೆ ಆಸ್ಪತ್ರೆಗೆ ಹೋದಾಗ ಡಾಕ್ಟರು ಕೇಳುವ ಮೊದಲ ಪ್ರಶ್ನೆ, "ಇಷ್ಟು ದಿನ ಎಲ್ಲಿದ್ರಿ?"

ಇದಕ್ಕೆ ನಾಚಿಕೆಯೊಂದೇ ಕಾರಣವಲ್ಲ, ಭಯವೂ ಇದೆ. "ಆಪರೇಷನ್ ಅಂತಾರೆ, ಕೊಯ್ತಾರೆ, ಆಮೇಲೆ ಮನುಷ್ಯ ಮೊದಲಿನಂತೆ ಆಗಲ್ಲ" ಎಂಬ ಮಾತು ಕಟ್ಟೆಯ ಮೇಲೆ ಇವತ್ತಿಗೂ ಓಡಾಡುತ್ತದೆ. ಈ ಭಯ ಸುಮ್ಮನೆ ಹುಟ್ಟಿದ್ದಲ್ಲ, ಒಂದು ಕಾಲದಲ್ಲಿ ಅದು ಪೂರ್ತಿ ನಿಜವಾಗಿತ್ತು. ಆ ಕಾಲ ಯಾವುದು, ಅದು ಹೇಗೆ ಮುಗಿಯಿತು ಎಂದು ತಿಳಿದರೆ, ಯಾವಾಗ ಹೆದರಬೇಕು, ಯಾವಾಗ ಹೆದರಬಾರದು ಎನ್ನುವುದೂ ತಿಳಿಯುತ್ತದೆ. ಅದಕ್ಕೇ ಈ ಬರಹ.

ಮನುಷ್ಯನಷ್ಟೇ ಹಳೆಯ ಕಲ್ಲು

1901ರಲ್ಲಿ ಈಜಿಪ್ಟಿನ ಎಲ್ ಅಮ್ರಾ ಎಂಬಲ್ಲಿ ಹಳೆಯ ಸಮಾಧಿಗಳನ್ನು ಅಗೆದಾಗ ಒಬ್ಬ ಹದಿಹರೆಯದ ಹುಡುಗನ ಅಸ್ಥಿಪಂಜರ ಸಿಕ್ಕಿತು. ಸೊಂಟದ ಮೂಳೆಗಳ ನಡುವೆ ಒಂದು ಕಲ್ಲು. ಅದು ಮೂತ್ರಕೋಶದೊಳಗೆ ಬೆಳೆದ ಕಲ್ಲು ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಆ ಹುಡುಗ ಬದುಕಿದ್ದು ಆರು ಸಾವಿರ ವರ್ಷಕ್ಕೂ ಹಿಂದೆ. ಆ ಕಲ್ಲನ್ನು ಲಂಡನ್ನಿನ ಸಂಗ್ರಹಾಲಯದಲ್ಲಿ ಇಟ್ಟಿದ್ದರು. ಎರಡನೇ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಅದು ಹಾಳಾಯಿತು.

ಕಲ್ಲು ಹೇಗೆ ಆಗುತ್ತದೆ? ಬೋರ್‌ವೆಲ್ ನೀರು ಬಿಡುವ ಡ್ರಿಪ್ ಪೈಪನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ನೀರಿನಲ್ಲಿರುವ ಉಪ್ಪಿನಂಶ ಮೊದಲು ಪುಡಿಯಂತೆ ಕೂರುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಕೊನೆಗೆ ತೂತನ್ನೇ ಮುಚ್ಚುತ್ತದೆ. ಮೈಯೊಳಗೂ ಹೀಗೆಯೇ. ಕುಡಿಯುವ ನೀರು ಕಡಿಮೆಯಾಗಿ, ಬೆವರಾಗಿ ಹೋಗುವುದು ಹೆಚ್ಚಾದರೆ ಮೂತ್ರ ದಪ್ಪವಾಗುತ್ತದೆ. ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ, ಆಕ್ಸಲೇಟ್, ಯೂರಿಕ್ ಆಮ್ಲ ಮೊದಲಾದವು ಹರಳುಗಟ್ಟುತ್ತವೆ. ಬಿಸಿಲಲ್ಲಿ ದುಡಿಯುವವರಿಗೆ ಕಲ್ಲಿನ ಕಾಟ ಹೆಚ್ಚಾಗಲು ಇದು ಮುಖ್ಯ ಕಾರಣ.

ಸುಶ್ರುತ ಕೇಳಿದ ಅಪ್ಪಣೆ

ನಮ್ಮ ದೇಶದಲ್ಲಿ ಈ ಕಾಯಿಲೆಗೆ ಅಶ್ಮರಿ ಎಂಬ ಹೆಸರಿತ್ತು. ಅಶ್ಮ ಎಂದರೆ ಕಲ್ಲು. ಸುಮಾರು ಎರಡು ಸಾವಿರ ವರ್ಷದಷ್ಟು ಹಳೆಯದೆನ್ನಲಾಗುವ ಸುಶ್ರುತ ಸಂಹಿತೆಯಲ್ಲಿ ಇದಕ್ಕೆಂದೇ ಅಧ್ಯಾಯಗಳಿವೆ. ಮೊದಲು ಔಷಧ ಕೊಡಬೇಕು, ಅದಕ್ಕೆ ಬಗ್ಗದಿದ್ದರೆ ಮಾತ್ರ ಶಸ್ತ್ರಕ್ಕೆ ಕೈಹಾಕಬೇಕು ಎಂದು ಅಲ್ಲಿ ಹೇಳಿದೆ.

ಶಸ್ತ್ರ ಮಾಡುವ ಕ್ರಮವೂ ಅಲ್ಲಿದೆ. ವೈದ್ಯ ಎಡಗೈಯ ಎರಡು ಬೆರಳನ್ನು ಗುದದ್ವಾರದ ಮೂಲಕ ಒಳಗೆ ತೂರಿಸಿ ಕಲ್ಲನ್ನು ಕೆಳಕ್ಕೆ ತರಬೇಕು. ಕಲ್ಲು ಗಂಟಿನಂತೆ ಉಬ್ಬಿದ ಜಾಗದಲ್ಲಿ, ನಡುಗೆರೆಯಿಂದ ಒಂದು ಜವೆಗೋಧಿ ಕಾಳಿನಷ್ಟು ಪಕ್ಕಕ್ಕೆ ಸರಿದು ಕೊಯ್ಯಬೇಕು. ತುದಿ ಬಾಗಿದ ಉಪಕರಣದಿಂದ ಕಲ್ಲನ್ನು ಪೂರ್ತಿ ತೆಗೆಯಬೇಕು. ಚೂರು ಉಳಿದರೂ ಅದು ಮತ್ತೆ ಬೆಳೆಯುತ್ತದೆ ಎಂಬ ಎಚ್ಚರಿಕೆಯೂ ಇದೆ. ಆಮೇಲೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಬೇಕು.

ಇದಕ್ಕೂ ಮೊದಲು ಬರುವ ಒಂದು ಮಾತು ಗಮನಿಸಬೇಕು. ಶಸ್ತ್ರ ಮಾಡದಿದ್ದರೆ ಸಾವು ಖಚಿತ, ಮಾಡಿದರೆ ಬದುಕುವುದು ಅನುಮಾನ. ಆದ್ದರಿಂದ ವೈದ್ಯ ಮೊದಲು ಒಡೆಯನ ಅಪ್ಪಣೆ ಪಡೆಯಬೇಕು. ಇಂದು ಆಪರೇಷನ್ನಿಗೆ ಮುಂಚೆ ನಮ್ಮಿಂದ ಸಹಿ ಹಾಕಿಸಿಕೊಳ್ಳುತ್ತಾರಲ್ಲ, ಅದರ ಹಳೆಯ ರೂಪ ಇದು ಎನ್ನಬಹುದು. ಕೈಚಳಕವಿದ್ದ ಸುಶ್ರುತನಂಥವರಿಗೇ ಅಷ್ಟು ಅಳುಕಿದ್ದಾಗ ರೋಗಿಗೆ ಎಷ್ಟಿದ್ದೀತು?

ಗ್ರೀಸ್ ದೇಶದಲ್ಲೂ ಇದೇ ಸ್ಥಿತಿ. ಹಿಪ್ಪೊಕ್ರೆಟಿಸ್ ಹೆಸರಿನಲ್ಲಿರುವ ವೈದ್ಯರ ಪ್ರತಿಜ್ಞೆಯಲ್ಲಿ, ಕಲ್ಲಿಗಾಗಿ ತಾನು ಕೊಯ್ಯುವುದಿಲ್ಲ, ಅದನ್ನು ಆ ಕೆಲಸ ಬಲ್ಲವರಿಗೆ ಬಿಡುತ್ತೇನೆ ಎಂಬ ಅರ್ಥದ ಮಾತಿದೆ. ಇದನ್ನು ಎರಡು ರೀತಿ ಓದಬಹುದು. ಒಂದು, ವೈದ್ಯರೇ ಹೆದರಿ ದೂರ ನಿಂತಿದ್ದರು. ಇನ್ನೊಂದು, ಮೂತ್ರದ ಕಲ್ಲಿಗೆ ಬೇರೆಯೇ ಪರಿಣತ ಬೇಕು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. ಇಂದಿನ ಯೂರಾಲಜಿಸ್ಟ್ ಎಂಬ ತಜ್ಞರ ಬೇರು ಅಲ್ಲಿದೆ.

ಹೆಂಡತಿಯನ್ನು ಮೀನಿನ ಸಂತೆಗೆ ಕಳಿಸಿದ ಕಮ್ಮಾರ

ಯುರೋಪಿನಲ್ಲಿ ಕಲ್ಲು ತೆಗೆಯುವ ಕೆಲಸ ಊರೂರು ಅಲೆಯುವ ಕೊಯ್ಯುವವರ ಪಾಲಾಯಿತು. ಅರಿವಳಿಕೆ ಇರಲಿಲ್ಲ. ಕೈ ತೊಳೆಯಬೇಕೆಂಬ ಜ್ಞಾನವೂ ಇರಲಿಲ್ಲ. ರೋಗಿಯ ಕೈಕಾಲನ್ನು ಹಗ್ಗದಿಂದ ಬಿಗಿದು, ನಾಲ್ಕು ಜನ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದರು. ಯಾರು ಬೇಗ ಮುಗಿಸುತ್ತಾರೋ ಅವರೇ ಒಳ್ಳೆಯ ವೈದ್ಯ.

ಆಮ್‌ಸ್ಟರ್‌ಡಾಮಿನಲ್ಲಿ ಯಾನ್ ಡಿ ಡೋಟ್ ಎಂಬ ಕಮ್ಮಾರನಿದ್ದ. ಎರಡು ಸಲ ಇಂಥವರಿಂದ ಕೊಯ್ಯಿಸಿಕೊಂಡಿದ್ದರೂ ಕಲ್ಲಿನ ಕಾಟ ತಪ್ಪಿರಲಿಲ್ಲ. ಮೂರನೇ ಸಲ ಅವರ ಕೈಗೆ ಸಿಗಲು ಆತ ಒಪ್ಪಲಿಲ್ಲ. 1651ರಲ್ಲಿ ಒಂದು ದಿನ ಹೆಂಡತಿಯನ್ನು ಮೀನಿನ ಸಂತೆಗೆ ಕಳಿಸಿ, ತಾನೇ ತಯಾರಿಸಿದ ಚಾಕುವಿನಿಂದ ತನ್ನನ್ನೇ ಕೊಯ್ದುಕೊಂಡು, ಕೋಳಿಮೊಟ್ಟೆಗಿಂತ ದೊಡ್ಡ ಕಲ್ಲನ್ನು ಹೊರಗೆ ತೆಗೆದ. ಬದುಕಿಯೂ ಉಳಿದ. ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಕಲ್ಲು ಹಿಡಿದಿರುವ ಆತನ ಚಿತ್ರ ಹಾಲೆಂಡಿನ ಲೈಡನ್ ನಗರದಲ್ಲಿದೆ. ಇದನ್ನು ಧೈರ್ಯದ ಕಥೆ ಎಂದು ಹೇಳುತ್ತಾರೆ. ಆದರೆ ಒಬ್ಬ ಮನುಷ್ಯ ಇಂಥ ಕೆಲಸಕ್ಕೆ ಇಳಿಯಬೇಕಾದರೆ ಆ ನೋವು ಎಂಥದ್ದಿರಬೇಕು! ಕಲ್ಲಿನ ನೋವು ಕಂಡವರಿಗೆ ಬೇರೆ ಹೇಳಬೇಕಿಲ್ಲ.

ಏಳು ವರ್ಷದ ನಂತರ, 1658ರ ಮಾರ್ಚ್ 26ರಂದು ಲಂಡನ್ನಿನಲ್ಲಿ ಸ್ಯಾಮುಯೆಲ್ ಪೀಪ್ಸ್ ಎಂಬ 25 ವರ್ಷದ ಯುವಕ ಇದೇ ಶಸ್ತ್ರಕ್ಕೆ ಒಡ್ಡಿಕೊಂಡ. ಚೆಂಡಿನ ಗಾತ್ರದ ಕಲ್ಲು ಹೊರಬಂತು. ಮುಂದೆ ಇಂಗ್ಲೆಂಡಿನ ನೌಕಾಪಡೆಯ ದೊಡ್ಡ ಅಧಿಕಾರಿಯಾಗಿ, ದಿನಚರಿ ಬರೆದು ಹೆಸರಾದವನು ಇವನೇ. ಬದುಕಿ ಉಳಿದ ಆ ದಿನವನ್ನು ಹಬ್ಬದಂತೆ ಊಟ ಹಾಕಿಸಿ ಆಚರಿಸಬೇಕೆಂದು ಸಂಕಲ್ಪ ಮಾಡಿಕೊಂಡಿದ್ದ. ಆ ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಬಂದವರಿಗೆ ತೋರಿಸುತ್ತಿದ್ದ. ಆಪರೇಷನ್ ಮುಗಿಸಿ ಬದುಕುವುದೇ ಹಬ್ಬ ಮಾಡುವಷ್ಟು ಅಪರೂಪದ ಸಂಗತಿಯಾಗಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಶ್ರೀರಂಗಪಟ್ಟಣ ನೋಡಿದ ಫ್ರೆಂಚ್ ಸೈನಿಕ

ಕೊಯ್ಯದೆ ಕಲ್ಲನ್ನು ಒಳಗೇ ಪುಡಿಮಾಡಬಹುದೇ? ಈ ಪ್ರಯತ್ನದ ಮೊದಲ ದೊಡ್ಡ ಕಥೆ ನಡೆದದ್ದು ನಮ್ಮ ದೇಶದಲ್ಲೇ, ಲಖನೌದಲ್ಲಿ. ನಡೆಸಿದವನು ಡಾಕ್ಟರೂ ಅಲ್ಲ.

ಕ್ಲಾಡ್ ಮಾರ್ಟಿನ್ ಫ್ರಾನ್ಸಿನ ಲಿಯೋನ್ ನಗರದಲ್ಲಿ 1735ರಲ್ಲಿ ಹುಟ್ಟಿದವನು. ಸೈನಿಕನಾಗಿ ಭಾರತಕ್ಕೆ ಬಂದು, ಆಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ, ಅವಧದ ನವಾಬನ ಆಸ್ಥಾನದಲ್ಲಿ ಅಪಾರ ಹಣ ಮಾಡಿದ. 1782ರ ಹೊತ್ತಿಗೆ ಮೂತ್ರಕೋಶದ ಕಲ್ಲು ಆತನನ್ನು ಹಿಂಡತೊಡಗಿತು. ಕೊಯ್ಯಿಸಿಕೊಳ್ಳಲು ಮನಸ್ಸಿರಲಿಲ್ಲ. ಯಂತ್ರಗಳ ಹುಚ್ಚಿದ್ದ ಮನುಷ್ಯ, ತೆಳುವಾದ ಉಕ್ಕಿನ ಕಡ್ಡಿಯ ತುದಿಗೆ ಅರದಂತೆ ಹಲ್ಲು ಮಾಡಿ, ಅದನ್ನು ಮೂತ್ರನಾಳದೊಳಗೆ ತೂರಿಸಿ ಕಲ್ಲನ್ನು ಉಜ್ಜತೊಡಗಿದ. ದಿನಕ್ಕೆ ಹಲವು ಸಲ, ತಿಂಗಳುಗಟ್ಟಲೆ. ಪುಡಿಯಾದ ಕಲ್ಲು ಮೂತ್ರದ ಜೊತೆ ಹೊರಬಂತು, ಆರಾಮಾಯಿತು.

ಇದೇ ಮಾರ್ಟಿನ್ ಹತ್ತು ವರ್ಷದ ನಂತರ, 1792ರಲ್ಲಿ, ಟಿಪ್ಪುವಿನ ವಿರುದ್ಧದ ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಜೊತೆ ಶ್ರೀರಂಗಪಟ್ಟಣದವರೆಗೂ ಬಂದಿದ್ದ. ಆತ ಬಿಟ್ಟುಹೋದ ಹಣದಿಂದ ಕಟ್ಟಿದ ಲಾ ಮಾರ್ಟಿನಿಯರ್ ಶಾಲೆಗಳು ಲಖನೌ ಮತ್ತು ಕೋಲ್ಕತ್ತದಲ್ಲಿ ಈಗಲೂ ನಡೆಯುತ್ತಿವೆ.

ಇದನ್ನು ಓದಿ ಯಾರೂ ಕಡ್ಡಿ ತೂರಿಸಲು ಹೋಗಬೇಡಿ. ಮಾರ್ಟಿನ್ ಬದುಕಿದ್ದು ಅದೃಷ್ಟ. ಆದರೆ ಬಂದ ದಾರಿಯಿಂದಲೇ ಒಳಗೆ ಹೋಗಿ, ಕೊಯ್ಯದೆ ಕಲ್ಲನ್ನು ಪುಡಿಮಾಡಬಹುದು ಎಂಬ ಆತನ ಯೋಚನೆ ಸರಿಯಾಗಿತ್ತು. ಇಂದಿನ ಯೂರಾಲಜಿಯ ಅರ್ಧ ಕೆಲಸ ನಿಂತಿರುವುದೇ ಆ ಯೋಚನೆಯ ಮೇಲೆ.

ಐದರಲ್ಲಿ ಒಬ್ಬರ ಸಾವು

1824ರ ಜನವರಿ 13ರಂದು ಪ್ಯಾರಿಸ್ಸಿನಲ್ಲಿ ಡಾ. ಜಾನ್ ಸಿವಿಯಾಲ್ ಅವರು ಇದನ್ನು ವೈದ್ಯರ ಕೆಲಸವಾಗಿ ಮಾಡಿ ತೋರಿಸಿದರು. ಮೂತ್ರನಾಳದ ಮೂಲಕ ಉಪಕರಣ ಇಳಿಸಿ, ಅದರ ಮೂರು ಉಗುರುಗಳಿಂದ ಕಲ್ಲನ್ನು ಹಿಡಿದು, ಕೊರೆದು ಪುಡಿಮಾಡಿದರು.

ಸಿವಿಯಾಲ್ ಅಷ್ಟಕ್ಕೇ ನಿಲ್ಲಲಿಲ್ಲ. ಯುರೋಪಿನ ಬೇರೆಬೇರೆ ಕಡೆಯಿಂದ ಲೆಕ್ಕ ತರಿಸಿದರು. ಕೊಯ್ಯಿಸಿಕೊಂಡವರಲ್ಲಿ ಎಷ್ಟು ಜನ ಸತ್ತರು, ಪುಡಿಮಾಡಿಸಿಕೊಂಡವರಲ್ಲಿ ಎಷ್ಟು? ಕೊಯ್ಯಿಸಿಕೊಂಡ ಸುಮಾರು ಐದು ಜನರಲ್ಲಿ ಒಬ್ಬರು ಸತ್ತಿದ್ದರು. ಪುಡಿಮಾಡಿಸಿಕೊಂಡವರಲ್ಲಿ ಸತ್ತವರು ನೂರಕ್ಕೆ ಎರಡು ಮೂರು. ಎಣಿಸಿ ನೋಡಿ ಚಿಕಿತ್ಸೆ ಆರಿಸಬೇಕು, ಬಾಯಿಮಾತಿನ ಮೇಲೆ ಅಲ್ಲ ಎನ್ನುವುದು ಆಗ ಹೊಸ ಮಾತು. ವೈದ್ಯರ ನಡುವೆ ದೊಡ್ಡ ಜಗಳವೇ ಆಯಿತು.

ನಮ್ಮ ಭಯದ ಬೇರು ಇಲ್ಲೇ ಇದೆ. ಐದರಲ್ಲಿ ಒಬ್ಬರು ಸಾಯುತ್ತಿದ್ದ ಕಾಲದಲ್ಲಿ ಆಪರೇಷನ್ನಿಗೆ ಹೆದರುವುದು ಬುದ್ಧಿವಂತಿಕೆಯಾಗಿತ್ತು. ಆಮೇಲೆ ಲೆಕ್ಕ ಬದಲಾಯಿತು. ಭಯ ಮಾತ್ರ ಬದಲಾಗಲಿಲ್ಲ.

ಲೆಕ್ಕ ಬದಲಾದದ್ದು ಒಂದೊಂದೇ ಮೆಟ್ಟಿಲಾಗಿ. 1846ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಈಥರ್ ಕೊಟ್ಟು ನೋವಿಲ್ಲದೆ ಆಪರೇಷನ್ ಮಾಡಿ ತೋರಿಸಿದರು. 1867ರಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೀವಾಗದಂತೆ ತಡೆಯುವ ವಿಧಾನ ಪ್ರಕಟಿಸಿದರು. 1869ರಲ್ಲಿ ಜರ್ಮನಿಯ ಹೈಡಲ್‌ಬರ್ಗಿನಲ್ಲಿ ಗುಸ್ತಾವ್ ಸೈಮನ್ ಮೊದಲೇ ಯೋಜಿಸಿ ಒಬ್ಬ ಹೆಣ್ಣುಮಗಳ ಒಂದು ಮೂತ್ರಪಿಂಡವನ್ನು ತೆಗೆದರು, ಆಕೆ ಬದುಕಿದಳು. ಮನುಷ್ಯ ಒಂದೇ ಕಿಡ್ನಿಯಲ್ಲಿ ಬದುಕಬಲ್ಲ ಎಂದು ಜಗತ್ತಿಗೆ ಗೊತ್ತಾದದ್ದು ಹಾಗೆ. 1870ರ ದಶಕದ ಕೊನೆಯಲ್ಲಿ ಮ್ಯಾಕ್ಸ್ ನಿಟ್ಸೆ ದೀಪವಿರುವ ಕೊಳವೆ ಮಾಡಿ ಮೂತ್ರಕೋಶದ ಒಳಗನ್ನು ಕಣ್ಣಿಂದ ನೋಡುವಂತೆ ಮಾಡಿದರು. 1895ರಲ್ಲಿ ಎಕ್ಸ್‌ರೇ ಬಂತು. ಅಲ್ಲಿಯವರೆಗೆ ಕತ್ತಲಲ್ಲಿ ತಡಕಾಡುತ್ತಿದ್ದ ವೈದ್ಯರಿಗೆ ಕಣ್ಣು ಬಂದಂತಾಯಿತು.

ಮೊರಾದಾಬಾದಿನಿಂದ ಲಂಡನ್ನಿಗೆ

ಹತ್ತೊಂಬತ್ತನೇ ಶತಮಾನದ ಉತ್ತರ ಭಾರತದಲ್ಲಿ ಚಿಕ್ಕ ಹುಡುಗರಿಗೂ ಮೂತ್ರಕೋಶದ ಕಲ್ಲು ಸಾಮಾನ್ಯವಾಗಿತ್ತು. ಅಲ್ಲಿನ ಜಿಲ್ಲಾ ಆಸ್ಪತ್ರೆಗಳ ಡಾಕ್ಟರುಗಳಿಗೆ ಕಲ್ಲು ತೆಗೆಯುವುದೇ ದಿನದ ಕೆಲಸ. ಮೊರಾದಾಬಾದಿನಲ್ಲಿದ್ದ ಐರ್ಲೆಂಡಿನ ಸರ್ಜನ್ ಪೀಟರ್ ಫ್ರೇಯರ್ ಅಲ್ಲಿ ನೂರಾರು ಕಲ್ಲು ಪುಡಿಮಾಡಿ ಕೈ ಪಳಗಿಸಿಕೊಂಡರು. ಲಂಡನ್ನಿಗೆ ಮರಳಿದ ಮೇಲೆ 1900ರ ಡಿಸೆಂಬರಿನಲ್ಲಿ, ವಯಸ್ಸಾದ ಗಂಡಸರ ಮೂತ್ರ ಕಟ್ಟಿಸುವ ಪ್ರಾಸ್ಟೇಟ್ ಗ್ರಂಥಿಯ ಗಡ್ಡೆಯನ್ನು ತೆಗೆಯುವ ಆಪರೇಷನ್ ಮಾಡಿ ಹೆಸರಾದರು. ಭಾರತದ ಬಡ ರೋಗಿಗಳ ಮೇಲೆ ಪಳಗಿದ ಕೈ ಅದು.

ಈ ಮಕ್ಕಳಿಗೆ ಕಲ್ಲು ಯಾಕೆ ಆಗುತ್ತಿತ್ತು? ತಮಿಳುನಾಡಿನ ಕೂನೂರಿನಲ್ಲಿ ಆಹಾರ ಸಂಶೋಧನೆ ನಡೆಸುತ್ತಿದ್ದ ರಾಬರ್ಟ್ ಮೆಕ್‌ಕ್ಯಾರಿಸನ್ ಇಲಿಗಳಿಗೆ ಬೇರೆಬೇರೆ ಊಟ ಹಾಕಿ ನೋಡಿದರು. ಬರೀ ಧಾನ್ಯದ ಹಿಟ್ಟು ತಿಂದು, ಹಾಲಿನಂಥ ಪೌಷ್ಟಿಕ ಆಹಾರ ಸಿಗದ ಇಲಿಗಳಲ್ಲಿ ಕಲ್ಲಾಯಿತು. ಹಾಲು ಕೊಟ್ಟಾಗ ಅದು ತಪ್ಪಿತು. ಮುಂದೆ ಮಕ್ಕಳ ಊಟ ಸುಧಾರಿಸಿದ ಕಡೆಯೆಲ್ಲ ಈ ಕಾಯಿಲೆ ಇಳಿಯಿತು. ಮಕ್ಕಳ ಮೂತ್ರಕೋಶದ ಕಲ್ಲು ಬಡತನದ ಕಾಯಿಲೆಯಾಗಿತ್ತು. ಈಗ ದೊಡ್ಡವರಲ್ಲಿ ಕಾಣುವ ಕಿಡ್ನಿ ಕಲ್ಲಿಗೆ ನೀರಿನ ಕೊರತೆ, ಹೆಚ್ಚು ಉಪ್ಪು, ಕೂತು ಮಾಡುವ ಕೆಲಸ, ಬೊಜ್ಜು, ಮನೆತನದ ಗುಣ ಇವೆಲ್ಲ ಕಾರಣ.

ಹೆಣ್ಣುಮಕ್ಕಳ ನೋವಿನ ಲೆಕ್ಕ

ಈ ಚರಿತ್ರೆಯಲ್ಲಿ ಮರೆಯಬಾರದ ಒಂದು ಕಪ್ಪು ಪುಟವಿದೆ. ಹೆರಿಗೆ ದಿನಗಟ್ಟಲೆ ತಡವಾಗಿ ಮಗುವಿನ ತಲೆ ಒತ್ತಿದಾಗ ಮೂತ್ರಕೋಶಕ್ಕೂ ಹೆರಿಗೆ ದಾರಿಗೂ ನಡುವೆ ತೂತು ಬೀಳುತ್ತದೆ. ಆಮೇಲೆ ಹಗಲೂ ರಾತ್ರಿ ಮೂತ್ರ ಸೋರುತ್ತದೆ. ಇದಕ್ಕೆ ಫಿಸ್ಟುಲಾ ಎನ್ನುತ್ತಾರೆ. 1840ರ ದಶಕದಲ್ಲಿ ಅಮೆರಿಕದ ಅಲಬಾಮಾದಲ್ಲಿ ಜೇಮ್ಸ್ ಮೇರಿಯನ್ ಸಿಮ್ಸ್ ಎಂಬ ವೈದ್ಯ ಇದನ್ನು ಹೊಲಿಯುವ ವಿಧಾನ ಕಂಡುಹಿಡಿದ. ಆದರೆ ಆತ ಪ್ರಯೋಗ ಮಾಡಿದ್ದು ಗುಲಾಮರಾಗಿದ್ದ ಕರಿಯ ಹೆಣ್ಣುಮಕ್ಕಳ ಮೇಲೆ, ಅರಿವಳಿಕೆ ಕೊಡದೆ, ಮತ್ತೆ ಮತ್ತೆ. ಅನಾರ್ಕಾ, ಬೆಟ್ಸಿ, ಲೂಸಿ ಎಂಬ ಮೂರು ಹೆಸರು ಮಾತ್ರ ಉಳಿದಿವೆ. ಇಲ್ಲ ಎನ್ನುವ ಹಕ್ಕು ಅವರಿಗೆ ಇರಲಿಲ್ಲ.

ಅವರು ಅನುಭವಿಸಿದ ನೋವಿನಿಂದ ಇಂದು ಈ ತೂತನ್ನು ಮುಚ್ಚಲು ಸಾಧ್ಯವಾಗಿದೆ. ಹಾಗಿದ್ದೂ ಮೂತ್ರ ಸೋರುತ್ತದೆ ಎಂಬ ನಾಚಿಕೆಗೆ ಮದುವೆ ಮುಂಜಿ ಬಿಟ್ಟು, ವಾಸನೆ ಬರುತ್ತದೆಂದು ದೇವಸ್ಥಾನಕ್ಕೂ ಹೋಗದೆ ಮನೆಯ ಮೂಲೆಯಲ್ಲಿ ಕೂತ ಹೆಂಗಸರು ಇದ್ದಾರೆ. ಹೆರಿಗೆಯ ನಂತರವೋ, ಗರ್ಭಕೋಶದ ಆಪರೇಷನ್ನಿನ ನಂತರವೋ, ವಯಸ್ಸಾದ ಮೇಲೆ ಕೆಮ್ಮಿದಾಗ ಸೀನಿದಾಗಲೋ, ಮೂತ್ರ ಸೋರುವುದಕ್ಕೆ ಚಿಕಿತ್ಸೆ ಇದೆ. ಇದು ಹಣೆಬರಹ ಅಲ್ಲ.

ವಿಮಾನದ ಕಂಪನಿಯಿಂದ ಬಂದ ಯಂತ್ರ

ಕೊನೆಯ ದೊಡ್ಡ ತಿರುವು ಬಂದದ್ದು ಆಸ್ಪತ್ರೆಯಿಂದಲ್ಲ, ವಿಮಾನ ಮಾಡುವ ಕಂಪನಿಯಿಂದ. ಅತಿ ವೇಗದ ವಿಮಾನಕ್ಕೆ ಮಳೆಹನಿ ಬಡಿದಾಗ ಒಳಗಿನ ಭಾಗಕ್ಕೂ ಪೆಟ್ಟಾಗುವುದು ಹೇಗೆ ಎಂದು ಜರ್ಮನಿಯ ಡಾರ್ನಿಯರ್ ಕಂಪನಿಯವರು ಪರೀಕ್ಷಿಸುತ್ತಿದ್ದರು. ಮೇಲಿನದನ್ನು ಮುರಿಯದೆ ಒಳಗೆ ಹೊಕ್ಕು ಗಟ್ಟಿ ವಸ್ತುವಿಗೆ ಬಡಿಯುವ ಈ ಆಘಾತದ ಅಲೆಯನ್ನು ಕಲ್ಲಿನ ಮೇಲೆ ಯಾಕೆ ಬಳಸಬಾರದು ಎಂಬ ಯೋಚನೆ ಬಂತು. 1980ರ ಫೆಬ್ರವರಿ 7ರಂದು ಮ್ಯೂನಿಕ್ ನಗರದಲ್ಲಿ ಕ್ರಿಸ್ಟಿಯನ್ ಶೋಸಿ ಮತ್ತು ಜೊತೆಗಾರರು ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ಹೊರಗಿನಿಂದಲೇ ಅಲೆ ಹಾಯಿಸಿ ಕಿಡ್ನಿಯ ಕಲ್ಲನ್ನು ಪುಡಿಮಾಡಿದರು. ಚರ್ಮಕ್ಕೆ ಒಂದು ಗೀರೂ ಇಲ್ಲ.

ಸುಶ್ರುತ ಶಸ್ತ್ರದ ನಂತರ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿದ್ದ. ಎರಡು ಸಾವಿರ ವರ್ಷದ ಮೇಲೆ ಆ ತೊಟ್ಟಿಯೇ ಶಸ್ತ್ರದ ಜಾಗಕ್ಕೆ ಬಂದಿತ್ತು. ಈಗಿನ ಯಂತ್ರಗಳಿಗೆ ತೊಟ್ಟಿಯೂ ಬೇಕಿಲ್ಲ. ದೊಡ್ಡ ಕಲ್ಲಿಗೆ ಬೆನ್ನಿನಲ್ಲಿ ಚಿಕ್ಕ ತೂತು ಮಾಡಿ ದುರ್ಬೀನಿನಿಂದ ತೆಗೆಯುತ್ತಾರೆ. ನಾಳದಲ್ಲಿ ಸಿಕ್ಕಿದ ಕಲ್ಲಿಗೆ ಮೂತ್ರದ ದಾರಿಯಿಂದಲೇ ತೆಳ್ಳನೆಯ ದುರ್ಬೀನು ಕಳಿಸಿ ಲೇಸರಿನಿಂದ ಒಡೆಯುತ್ತಾರೆ. ಹೆಚ್ಚಿನವರು ಕೆಲವೇ ದಿನದಲ್ಲಿ ಮನೆಗೆ ಬರುತ್ತಾರೆ. ಹೊಟ್ಟೆ ಕೊಯ್ಯುವುದು ಈಗ ಅಪರೂಪ.

ಯೂರಾಲಜಿಸ್ಟ್ ಯಾರು, ನೆಫ್ರಾಲಜಿಸ್ಟ್ ಯಾರು?

ಈ ಎರಡು ಬೋರ್ಡು ನೋಡಿ ಬಹಳ ಜನ ಗೊಂದಲ ಪಡುತ್ತಾರೆ. ಮತ್ತೆ ಡ್ರಿಪ್ಪಿನ ಲೆಕ್ಕದಲ್ಲೇ ಹೇಳುವುದಾದರೆ, ಕಿಡ್ನಿ ಎಂದರೆ ಫಿಲ್ಟರ್. ಅಲ್ಲಿಂದ ಮುಂದಿನ ನಾಳ, ಮೂತ್ರಕೋಶ, ಹೊರದಾರಿ ಎಲ್ಲ ಪೈಪ್‌ಲೈನ್. ಫಿಲ್ಟರಿನ ಕೆಲಸವೇ ಕುಂದಿದರೆ, ಅಂದರೆ ಕ್ರಿಯಾಟಿನಿನ್ ಏರಿದರೆ, ಮೈ ಊದಿಕೊಂಡರೆ, ಡಯಾಲಿಸಿಸ್ ಬೇಕಾದರೆ ನೋಡುವವರು ನೆಫ್ರಾಲಜಿಸ್ಟ್. ಅವರು ಔಷಧದ ಡಾಕ್ಟರು. ಕಲ್ಲು, ಅಡ್ಡಿ, ಗಡ್ಡೆ, ಸೋರಿಕೆ, ಪ್ರಾಸ್ಟೇಟ್, ಗಂಡಸರ ಜನನಾಂಗದ ತೊಂದರೆ ಇವನ್ನು ನೋಡುವವರು ಯೂರಾಲಜಿಸ್ಟ್. ಅವರು ಆಪರೇಷನ್ ಮಾಡುವ ಡಾಕ್ಟರು. ಕಿಡ್ನಿ ಕಸಿಯಲ್ಲಿ ಇಬ್ಬರೂ ಬೇಕು. ನಮ್ಮ ದೇಶದಲ್ಲಿ ಕಿಡ್ನಿ ಕಸಿ ಮೊದಲು ಯಶಸ್ವಿಯಾದದ್ದು 1971ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ.

ಯಾವಾಗ ಹೋಗಬೇಕು?

ತಕ್ಷಣ, ಅದೇ ದಿನ, ರಾತ್ರಿಯಾದರೂ ಹೋಗಬೇಕಾದವು:

- ಮೂತ್ರ ಪೂರ್ತಿ ಕಟ್ಟಿ, ಕಿಬ್ಬೊಟ್ಟೆ ಉಬ್ಬಿ ಒದ್ದಾಡುವುದು. ಹತ್ತಿರದ ಯಾವ ಆಸ್ಪತ್ರೆಯಲ್ಲಾದರೂ ಮೊದಲು ಕೊಳವೆ ಹಾಕಿಸಿ.
- ಪಕ್ಕೆ ಅಥವಾ ಸೊಂಟದ ನೋವಿನ ಜೊತೆ ಚಳಿಜ್ವರ. ಕಲ್ಲು ಅಡ್ಡ ನಿಂತು ಹಿಂದೆ ಕೀವು ತುಂಬಿರಬಹುದು. ಇದು ಜೀವಕ್ಕೆ ಅಪಾಯ.
- ಹುಡುಗರಿಗೆ, ಯುವಕರಿಗೆ ಇದ್ದಕ್ಕಿದ್ದಂತೆ ವೃಷಣದಲ್ಲಿ ಜೋರು ನೋವು. ಬೀಜ ತಿರುಚಿಕೊಂಡಿದ್ದರೆ ಸುಮಾರು ಆರು ಗಂಟೆಯೊಳಗೆ ಸರಿಪಡಿಸಬೇಕು. ತಡವಾದರೆ ಉಳಿಯುವುದು ಕಷ್ಟ. ಹುಡುಗ ನಾಚಿಕೊಂಡು ಬರೀ "ಹೊಟ್ಟೆನೋವು" ಎನ್ನಬಹುದು. ಕೇಳಿ ತಿಳಿದುಕೊಳ್ಳಿ.
- ದಿನವಿಡೀ ಮೂತ್ರವೇ ಬಾರದಿರುವುದು.

ತಡಮಾಡದೆ ಹೋಗಬೇಕಾದವು:

- ಮೂತ್ರದಲ್ಲಿ ರಕ್ತ, ಅದೂ ನೋವಿಲ್ಲದೆ. ಒಂದೇ ಸಲ ಬಂದು ನಿಂತರೂ ಬಿಡಬೇಡಿ. ನೋವಿಲ್ಲವಲ್ಲ ಎಂದು ಸುಮ್ಮನಿರುವುದೇ ಇಲ್ಲಿ ಮೋಸ. ಮೂತ್ರಕೋಶದ ಕ್ಯಾನ್ಸರ್ ಹೀಗೇ ತೋರಿಸಿಕೊಳ್ಳುವುದುಂಟು. ಬೀಡಿ, ಸಿಗರೇಟು ಸೇದುವವರಿಗೆ ಇದರ ಅಪಾಯ ಹೆಚ್ಚು.
- ಐವತ್ತು ದಾಟಿದ ಗಂಡಸರಿಗೆ ರಾತ್ರಿ ಮೂರು ನಾಲ್ಕು ಸಲ ಏಳುವುದು, ಧಾರೆ ಸಣ್ಣಗಾಗುವುದು, ತಿಣುಕಬೇಕಾಗುವುದು. ವಯಸ್ಸಾಯಿತು, ಹೀಗೇ ಎನ್ನಬೇಡಿ. ಬಹಳಷ್ಟು ಜನರಿಗೆ ಮಾತ್ರೆಯಲ್ಲೇ ಹಿಡಿತಕ್ಕೆ ಬರುತ್ತದೆ.
- ಮತ್ತೆ ಮತ್ತೆ ಉರಿಮೂತ್ರ.
- ಗಂಡುಮಗುವಿಗೆ ಆರು ತಿಂಗಳಾದರೂ ಚೀಲದಲ್ಲಿ ಬೀಜ ಇಳಿಯದಿರುವುದು.
- ಬೀಜದಲ್ಲಿ ನೋವಿಲ್ಲದ ಗಟ್ಟಿ ಗಂಟು.
- ಮಕ್ಕಳಾಗದ ದಂಪತಿ. ಹೆಂಡತಿಗೊಬ್ಬಳಿಗೇ ಪರೀಕ್ಷೆ ಮಾಡಿಸಿ ವರ್ಷ ಕಳೆಯಬೇಡಿ, ಗಂಡನಿಗೂ ಮಾಡಿಸಿ.

ಇಂಜೆಕ್ಷನ್ನಿಗೆ ನೋವು ಹೋಯಿತು, ಕಲ್ಲು?

ಇಡೀ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಕಲ್ಲಿನ ನೋವಿಗೆ ಊರಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತೇವೆ. ನೋವು ನಿಲ್ಲುತ್ತದೆ. ಕಲ್ಲು ಹೋಯಿತು ಎಂದುಕೊಂಡು ಹೊಲಕ್ಕೆ ಹೋಗುತ್ತೇವೆ. ಆದರೆ ನಾಳವನ್ನು ಮುಚ್ಚಿ ಕೂತ ಕಲ್ಲು ಕೆಲವೊಮ್ಮೆ ನೋವೇ ಕೊಡುವುದಿಲ್ಲ. ಹಿಂದೆ ಮೂತ್ರ ಕಟ್ಟಿ ಕಿಡ್ನಿ ಊದಿಕೊಳ್ಳುತ್ತದೆ, ತಿಂಗಳುಗಳಲ್ಲಿ ಸದ್ದಿಲ್ಲದೆ ಸತ್ತುಹೋಗುತ್ತದೆ. ಜೊತೆಗೆ ಪದೇಪದೇ ತೆಗೆದುಕೊಂಡ ನೋವಿನ ಮಾತ್ರೆಗಳೇ ಕಿಡ್ನಿಗೆ ಹೊರೆಯಾಗುತ್ತವೆ. ಆದ್ದರಿಂದ ನೋವು ನಿಂತ ಮೇಲೂ ಒಂದು ಸ್ಕ್ಯಾನ್ ಮಾಡಿಸಲೇಬೇಕು. ಕಲ್ಲು ಎಲ್ಲಿದೆ, ಎಷ್ಟು ಮಿಲಿಮೀಟರ್ ಇದೆ, ಕಿಡ್ನಿ ಊದಿದೆಯೇ ಎಂಬ ಮೂರು ಪ್ರಶ್ನೆ ಕೇಳಿ ಬರೆಸಿಕೊಳ್ಳಿ.

ಬಾಳೆದಿಂಡು, ಹುರುಳಿ ಕಟ್ಟು, ನೆಗ್ಗಿಲು ಕಷಾಯದ ಬಗ್ಗೆಯೂ ಕೇಳುತ್ತೀರಿ. ಐದು ಮಿಲಿಮೀಟರಿಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ಏನೂ ಮಾಡದಿದ್ದರೂ ತಾವಾಗೇ ಹೊರಬೀಳುತ್ತವೆ. ಆಗ ಏನು ಕುಡಿದಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಬಾಳೆದಿಂಡಿನ ಪಲ್ಯ, ಹುರುಳಿ ಸಾರು ಊಟಕ್ಕೆ ಒಳ್ಳೆಯದೇ, ತಿನ್ನಿ. ಆದರೆ ಒಂದು ಸೆಂಟಿಮೀಟರಿನ ಕಲ್ಲನ್ನು ಕಷಾಯದಲ್ಲಿ ಕರಗಿಸುತ್ತೇನೆಂದು ಆರು ತಿಂಗಳು ಕಾಯಬೇಡಿ. ಆ ಆರು ತಿಂಗಳ ಬೆಲೆಯನ್ನು ಕಿಡ್ನಿ ತೆರಬೇಕಾಗುತ್ತದೆ.

ಬಾರದಂತೆ ತಡೆಯುವುದು ಸುಲಭ. ದಿನಕ್ಕೆ ಎರಡು ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಬೇಕು. ಹೊಲಕ್ಕೆ ಹೋಗುವಾಗ ನೀರಿನ ಕ್ಯಾನ್ ಬುತ್ತಿಯಷ್ಟೇ ಮುಖ್ಯ. ಮೂತ್ರದ ಬಣ್ಣ ತಿಳಿಯಾಗಿದ್ದರೆ ಸರಿ, ಚಹಾದಂತಿದ್ದರೆ ನೀರು ಸಾಲದು. ಉಪ್ಪು, ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡಿ. ಸಕ್ಕರೆ ಕಡಿಮೆ ಹಾಕಿದ ನಿಂಬೆ ಪಾನಕ ಒಳ್ಳೆಯದು. ಹಾಲು ಮೊಸರು ಬಿಡಬೇಕಿಲ್ಲ. ಹೃದಯದ ಅಥವಾ ಕಿಡ್ನಿಯ ಕಾಯಿಲೆ ಇರುವವರು ಮಾತ್ರ ಎಷ್ಟು ನೀರು ಕುಡಿಯಬೇಕೆಂದು ಡಾಕ್ಟರನ್ನೇ ಕೇಳಿ. ನೀರು ಕುಡಿದರೆ ಪದೇಪದೇ ಹೋಗಬೇಕಾಗುತ್ತದೆ, ಹೋಗಲು ಜಾಗವಿಲ್ಲ ಎಂದು ನಮ್ಮ ಹೆಣ್ಣುಮಕ್ಕಳು ಬಾಯಾರಿಕೊಂಡೇ ದುಡಿಯುತ್ತಾರೆ. ಅವರಿಗೆ ಬುದ್ಧಿ ಹೇಳುವ ಮೊದಲು ಶೌಚಾಲಯ ಕಟ್ಟಿಸಿ, ಅದಕ್ಕೆ ನೀರು ಬರುವಂತೆ ಮಾಡಬೇಕು.

ಎಲ್ಲಿಗೆ ಹೋಗುವುದು?

ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಮೂತ್ರ ಪರೀಕ್ಷೆ, ರಕ್ತದಲ್ಲಿ ಕ್ರಿಯಾಟಿನಿನ್, ಸ್ಕ್ಯಾನ್ ಇಷ್ಟಾದರೆ ಮುಂದಿನ ದಾರಿ ಸ್ಪಷ್ಟವಾಗುತ್ತದೆ. ಅಲ್ಲಿಂದ ಚೀಟಿ ಬರೆಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋಗಿ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಇದಕ್ಕೆಂದೇ ಸರ್ಕಾರದ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ನಿಮ್ಮ ಚಿಕಿತ್ಸೆ ಸೇರುತ್ತದೆಯೇ ಎಂದು ಸರ್ಕಾರಿ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ. ರೇಷನ್ ಕಾರ್ಡು, ಆಧಾರ್, ಹಳೆಯ ಸ್ಕ್ಯಾನ್ ಚೀಟಿಗಳನ್ನು ಒಂದೇ ಚೀಲದಲ್ಲಿ ಇಟ್ಟುಕೊಂಡು ಹೋಗಿ. ಖಾಸಗಿ ಆಸ್ಪತ್ರೆಗೆ ಸಾಲ ಮಾಡಿಕೊಂಡು ಹೋದ ಮೇಲೆ ಕೇಳಿದರೆ ತಡವಾಗಿರುತ್ತದೆ.

ಆಮ್‌ಸ್ಟರ್‌ಡಾಮಿನ ಕಮ್ಮಾರನಿಗೆ ಚಾಕು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಎಲ್ ಅಮ್ರಾದ ಹುಡುಗನಿಗೆ ಅದೂ ಇರಲಿಲ್ಲ. ನಮಗೆ ಇದೆ. ಬಸ್ ಚಾರ್ಜು, ಒಂದು ದಿನದ ಕೂಲಿ, ಸ್ವಲ್ಪ ನಾಚಿಕೆ, ಇಷ್ಟು ಬಿಟ್ಟರೆ ಸಾಕು. ಮನೆಯಲ್ಲಿ ಯಾರಾದರೂ ಪದೇಪದೇ ಬಚ್ಚಲಿಗೆ ಹೋಗುತ್ತಿದ್ದರೆ, ಅಥವಾ ಹೋಗಲಾಗದೆ ಮುಖ ಹಿಂಡುತ್ತಿದ್ದರೆ, ಅವರಾಗಿ ಹೇಳಲಿ ಎಂದು ಕಾಯಬೇಡಿ. ನೀವೇ ಕೇಳಿ.